ಹುಡುಕುವವರ ಮರ್ಯಾದೆ
(ಬಾನುಲಿ ಭಾಷಣ)

ಕಣ್ಣುಮುಚ್ಚಾಲೆ ಆಡದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಒಬ್ಬ ಅಡಗುವುದು, ಇನ್ನೊಬ್ಬ ಹುಡುಕುವುದು, ಆಟವೆಂದರೆ ಇಷ್ಟೆ. ಆದರೆ ಆ ಆಟದಲ್ಲಿಯೂ ಎಷ್ಟು ಜಗಳಗಳು! ಕಣ್ಣು ಬಿಟ್ಟು ನೋಡಿದನೆಂದು ಒಬ್ಬ, ನೂರು ಎಣಿಸದೆ ಬಂದನೆಂದು ಇನ್ನೊಬ್ಬ, ಅಡಗಿದ ಜಾಗವನ್ನು ಮೂರನೆಯವನು ಹೇಳಿಕೊಟ್ಟನೆಂದು ಮತ್ತೊಬ್ಬ. ಹುಡುಕುವ ಆಟ ಎಷ್ಟು ಹಳೆಯದೋ ಹುಡುಕುವವರ ಜಗಳವೂ ಅಷ್ಟೇ ಹಳೆಯದು. ಆಟ ದೊಡ್ಡವರದಾದಾಗ ಜಗಳವೂ ದೊಡ್ಡದಾಗುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಂಥ ದೊಡ್ಡವರ ಆಟವೊಂದರ ಮರ್ಯಾದೆಯನ್ನು ಕುರಿತು.

ಪಶ್ಚಿಮ ದೇಶಗಳಲ್ಲಿ ಜಿಯೊಕ್ಯಾಶಿಂಗ್ ಎಂಬ ಹವ್ಯಾಸವೊಂದು ಬೆಳೆದಿದೆ. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕದ ಸರಕಾರವು ತನ್ನ ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರಿಗಾಗಿ ಉದ್ದೇಶಪೂರ್ವಕವಾಗಿ ಮಸುಕು ಮಾಡುತ್ತಿದ್ದ ಪದ್ಧತಿಯನ್ನು ನಿಲ್ಲಿಸಿತು. ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರವೊಂದು, ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂಬುದನ್ನು ಕೆಲವೇ ಮಾರುಗಳ ಅಂತರದಲ್ಲಿ ಹೇಳಬಲ್ಲದ್ದಾಯಿತು. ಮೇ 3ರಂದು ಡೇವ್ ಉಲ್ಮರ್ ಎಂಬವನು ಆರೆಗನ್ ಪ್ರಾಂತದ ಬೀವರ್‌ಕ್ರೀಕ್ ಎಂಬ ಊರಿನ ಬಳಿ ಒಂದು ಬಕೀಟನ್ನು ಅರ್ಧ ಹುಗಿದು, ಅದರಲ್ಲಿ ಕೆಲವು ಸಾಮಾನುಗಳನ್ನೂ ಒಂದು ದಾಖಲೆ ಪುಸ್ತಕವನ್ನೂ ಸೀಸದಕಡ್ಡಿಯನ್ನೂ ಇಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಬೇಕಾದುದನ್ನು ತೆಗೆದುಕೊಳ್ಳಿರಿ, ನಿಮ್ಮದೇನಾದರೂ ಇಟ್ಟು ಹೋಗಿರಿ, ಹೆಸರು ಬರೆಯಿರಿ ಎಂಬುದು ನಿಯಮ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವನು ಅದನ್ನು ಮೊದಲು ಕಂಡುಹಿಡಿದ. ಅಲ್ಲಿಂದ ಮುಂದೆ ಆಟ ಲೋಕವೆಲ್ಲ ಹರಡಿತು. ಇದಕ್ಕೊಬ್ಬ ಹಿರಿಯನೂ ಉಂಟು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಷ್ಟು ಹಿಂದೆಯೇ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ದುರ್ಗಮವಾದ ಜಾಗವೊಂದರಲ್ಲಿ ಸೀಸೆಯೊಂದನ್ನಿಟ್ಟು, ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿ ಹಾಕುವಂತೆ ಮಾಡಿದ್ದ.

ಇಷ್ಟು ನಿರುಪದ್ರವಿಯಾದ ಆಟದಲ್ಲಿಯೂ ತಕರಾರುಗಳಿಗೆ ಕೊರತೆಯಿಲ್ಲ. ಮೊದಲು ಕಂಡವನು ಯಾರು? ಸ್ಥಳಕ್ಕೆ ಹೋಗದೆಯೇ ಹೋದೆನೆಂದು ಬರೆದವನನ್ನು ಏನು ಮಾಡಬೇಕು? ಬೆಲೆಯುಳ್ಳ ವಸ್ತುವನ್ನು ಒಯ್ದು ಹರಕು ಗುಂಡಿಯನ್ನಿಟ್ಟು ಹೋದವನಿಗೆ ಏನು ಹೇಳಬೇಕು? ಇತರರ ಹೊಲದಲ್ಲಿ ಅಪ್ಪಣೆಯಿಲ್ಲದೆ ಇಡಬಹುದೆ? ಉತ್ತರವನ್ನು ಬಯಲು ಮಾಡಿ ಉಳಿದವರ ಸಂತೋಷ ಕೆಡಿಸುವುದು ಸರಿಯೆ? ಮೊದಲ ಬಕೀಟನ್ನು ನೆಲದಲ್ಲಿ ಹುಗಿದಿದ್ದರು. ಆದರೆ ಮುಂದೆ ಅದೇ ಆಟದ ನಿಯಮಗಳು ನೆಲ ಅಗೆಯುವುದನ್ನೇ ನಿಷೇಧಿಸಿದವು. ಅನುಭವದಿಂದ ಮರ್ಯಾದೆ ಹುಟ್ಟುವ ಬಗೆ ಇದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯವರಿಗೆ ಈ ಹೆಸರು ಹೊಸದೆನಿಸಬಹುದು. ಆದರೆ ಆಟ ಹೊಸದಲ್ಲ. ಕೃಷ್ಣೆ ಭೀಮೆಗಳ ನಡುವಿನ ಈ ನೆಲದಲ್ಲಿ ನೂರೈವತ್ತು ವರ್ಷಗಳಿಗೂ ಮಿಕ್ಕಿ ಹುಡುಕಾಟ ನಡೆದೇ ಇದೆ. ಇಲ್ಲಿ ಅಡಗಿಸಿಟ್ಟವರು ನಮ್ಮ ಪೂರ್ವಿಕರು. ಅಡಗಿಸಿದ ವಸ್ತುಗಳು ಕಲ್ಲು, ಓಲೆ ಮತ್ತು ಹಾಡು. ಅಗಸಿಯ ಗೋಡೆಯಲ್ಲಿ, ಹಣಮಂದೇವರ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಶಾಸನದ ಕಲ್ಲುಗಳು. ದೇವರ ಜಗಲಿಯ ಮೇಲೆ ಬಟ್ಟೆ ಸುತ್ತಿ ವಿಭೂತಿ ಹಚ್ಚಿದ ತಾಡವೋಲೆಯ ಕಟ್ಟುಗಳು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಲ್ಲಿ ಹಾಡುಗಳು. ಇವನ್ನು ಹುಡುಕಿದವರೂ ಜಗಳವಾಡಿದರು, ಮುನಿದರು, ಒಲಿದರು. ಇವರ ಜಗಳದಲ್ಲಿ ಸೋಲು ಗೆಲವುಗಳಿಗಿಂತ ಹೆಚ್ಚಿನದೊಂದು ಪಣಕ್ಕಿತ್ತು. ಆಟದ ಡಬ್ಬಿ ಕಳೆದರೆ ಇನ್ನೊಂದನ್ನು ಇಡಬಹುದು. ಒಂದು ಓಲೆಯ ಕಟ್ಟು ಕಳೆದರೆ ಒಬ್ಬ ಕವಿಯೇ ಇಲ್ಲವಾಗಬಹುದು.

ಮೊದಲನೆಯ ತಕರಾರು, ಮೊದಲು ಕಂಡವರು ಯಾರೆಂಬುದು. ಇಂಡಿಯ ಸಮೀಪದಲ್ಲಿ ಸಾಲೋಟಗಿ ಎಂಬ ಊರಿದೆ. ಅಲ್ಲಿನ ಕಂಬವೊಂದರ ಶಾಸನ 945ನೆಯ ಇಸವಿಯದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಆಗ ಪಾವಿಟ್ಟಗೆ ಎಂದು ಕರೆಯಲಾಗುತ್ತಿದ್ದ ಆ ಅಗ್ರಹಾರದಲ್ಲಿ ರಾಜನ ಮಂತ್ರಿಯಾದ ನಾರಾಯಣನು ಶಾಲೆಯನ್ನು ಕಟ್ಟಿಸಿದ್ದು, ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದುದು, ಅವರ ವಸತಿಗೆ 27 ನಿವೇಶನಗಳಿದ್ದುದು ಅದರಿಂದ ತಿಳಿಯುತ್ತದೆ. ವಿದ್ವತ್‌ ಪತ್ರಿಕೆಗಳಲ್ಲಿ ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಕಟವಾಯಿತು. ಹಾಗಾದರೆ ಇದನ್ನು ಕಂಡುಹಿಡಿದವರು ಯಾರು? ಪ್ರಕಟಿಸಿದ ಪಂಡಿತನೆ? ದಿನವೂ ಅದರ ಬದಿಯಲ್ಲಿ ದನ ಹೊಡೆದುಕೊಂಡು ಹೋದ ಹುಡುಗನೆ?

ಈ ಪ್ರಶ್ನೆಗೆ ನನಗೆ ಉತ್ತರ ಕೊಟ್ಟವರು ಒಬ್ಬ ಮುದುಕರು. ಹಲವು ವರ್ಷಗಳ ಹಿಂದೆ ಗೆಳೆಯರೊಡನೆ ಭೀಮಾತೀರದ ಹಳ್ಳಿಯೊಂದಕ್ಕೆ ಕಲ್ಲು ನೋಡಲು ಹೋಗಿದ್ದೆ. ಗುಡಿಯ ಹಿಂದೆ ಮುಳ್ಳುಕಂಟಿಯ ನಡುವೆ ಅಕ್ಷರಗಳು ಕಂಡಾಗ ನಮ್ಮಲ್ಲೊಬ್ಬ ಕಿರಿಯ, “ಸಿಕ್ತು! ನಾನೇ ಮೊದಲು ಹುಡುಕಿದೆ!” ಎಂದು ಕೂಗಿದ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಕೇಳಿದರು: “ಏ ತಮ್ಮಾ, ಅದು ಕಳದಿತ್ತೇನು, ನೀ ಹುಡುಕಾಕ? ನಮ್ಮಜ್ಜನ ಕಾಲದಿಂದ ಅಲ್ಲೇ ಐತಿ.” ಹುಡುಗ ನಾಚಿದ, ನಾವೂ ನಾಚಿದೆವು. ಆ ಕಲ್ಲು ಊರಿಗೆ ಕಳೆದಿರಲಿಲ್ಲ. ಓದಬಲ್ಲವರಿಗೆ ಮಾತ್ರ ಕಳೆದಿತ್ತು. ಆದ್ದರಿಂದ ನಾವು ಓದಿದೆವೆನ್ನಬಹುದೇ ಹೊರತು ಕಂಡುಹಿಡಿದೆವೆನ್ನಲಾಗದು. ಶಾಸನವನ್ನು ತೋರಿಸಿಕೊಟ್ಟ ಊರವರ ಹೆಸರನ್ನು ಲೇಖನದಲ್ಲಿ ಹೇಳುವುದು ಕೇವಲ ಸೌಜನ್ಯವಲ್ಲ, ಅದು ಸತ್ಯ.

ಈ ಸತ್ಯವನ್ನು ಮರೆಯುವುದು ಸುಲಭ. ಧಾರವಾಡದ ಕಡೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು 595 ಶಾಸನಗಳ ನಕಲುಗಳನ್ನು ಕೂಡಿಹಾಕಿದ. ಕನ್ನಡ ನಾಡಿನ ಚರಿತ್ರೆಯ ರಚನೆಗೆ ಅದೊಂದು ತಳಹದಿಯಾಯಿತು. ಸಂಗ್ರಹಕ್ಕೆ ಉಳಿದದ್ದು ಎಲಿಯಟ್ಟನ ಹೆಸರು. ಊರೂರು ತಿರುಗಿ, ಕಲ್ಲಿನ ಮುಂದೆ ಕುಳಿತು ಅಕ್ಷರಗಳನ್ನು ಎತ್ತಿ ಬರೆದ ನಮ್ಮ ನಾಡಿನ ನಕಲುಗಾರರನ್ನು ನೆನೆಯುವವರು ಕಡಮೆ. ಎಲಿಯಟ್ಟನ ಉಪಕಾರವನ್ನು ಇದರಿಂದ ಸಣ್ಣದು ಮಾಡಬೇಕಾಗಿಲ್ಲ; ಉಪಕಾರವನ್ನು ಹಂಚಿ ಹೇಳಬೇಕು, ಅಷ್ಟೆ.

ಎರಡನೆಯ ತಕರಾರು ಇದಕ್ಕಿಂತ ಸೂಕ್ಷ್ಮವಾದುದು. ಹುಡುಕಿದೆ, ಸಿಗಲಿಲ್ಲ ಎಂದು ಹೇಳುವುದು ಹೇಗೆ? ಜಿಯೊಕ್ಯಾಶಿಂಗ್ ಆಡುವವರಲ್ಲಿ ಸಿಗಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಬರೆದಿಡುವ ಪದ್ಧತಿಯಿದೆ. ಮುಂದಿನವರಿಗೆ ಅದರಿಂದ ಉಪಯೋಗ. ಆದರೆ ನನಗೆ ಸಿಗಲಿಲ್ಲ ಎಂಬುದು ಬೇರೆ, ಅಲ್ಲಿ ಇಲ್ಲವೇ ಇಲ್ಲ ಎಂಬುದು ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಫೇತ್‌ಫುಲ್ ಫ್ಲೀಟನು ಬಸವನ ಬಾಗೇವಾಡಿಯ ಸಮೀಪದ ಮನಗೂಳಿಯ ಶಾಸನಗಳನ್ನೂ ಧಾರವಾಡದ ಆಚೆಯ ಅಬ್ಬಲೂರಿನ ಶಾಸನಗಳನ್ನೂ ಎಪಿಗ್ರಾಫಿಯ ಇಂಡಿಕದ ಐದನೆಯ ಸಂಪುಟದಲ್ಲಿ ಸಂಪಾದಿಸಿದ. ಅಬ್ಬಲೂರಿನ ಕಲ್ಲಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತ ಸ್ಪಷ್ಟವಾಗಿತ್ತು. ಬಸವಣ್ಣನವರ ವಿಷಯದಲ್ಲಿ ಪುರಾಣಗಳು ಹೇಳುವ ಕಥೆಗೆ ಕಲ್ಲಿನ ಆಧಾರ ಕಾಣದ ಕಾರಣ ಫ್ಲೀಟನು ಸಂಶಯಪಟ್ಟು, ರಾಮಯ್ಯನಿಗೇ ಹೆಚ್ಚಿನ ಪ್ರಾಮುಖ್ಯ ಕೊಟ್ಟ. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನ ಬೆಳಕಿಗೆ ಬಂದಿತು. 1260ರ ಆ ಶಾಸನ ಬಾಗೇವಾಡಿಯನ್ನೂ ಮಾದಿರಾಜನನ್ನೂ ಅವನ ಮಗ ಬಸವನನ್ನೂ ಹೆಸರಿಸುತ್ತದೆ.

ಫ್ಲೀಟನನ್ನು ಇದಕ್ಕಾಗಿ ಹಳಿದವರುಂಟು. ನನಗೆ ಹಾಗೆನಿಸುವುದಿಲ್ಲ. ತನ್ನ ಕೈಯಲ್ಲಿದ್ದ ಆಧಾರಗಳೇನೆಂಬುದನ್ನು ಆತ ಮುಚ್ಚಿಡಲಿಲ್ಲ. ಆದ್ದರಿಂದಲೇ ಅವನ ತೀರ್ಮಾನವನ್ನು ತಿದ್ದುವುದು ಸಾಧ್ಯವಾಯಿತು. ಆಧಾರವನ್ನು ಬಚ್ಚಿಟ್ಟು ತೀರ್ಮಾನವನ್ನು ಮಾತ್ರ ಸಾರುವವನನ್ನು ತಿದ್ದುವ ಬಗೆಯೇ ಇಲ್ಲ. ಮನುಷ್ಯನನ್ನು ಬಿಟ್ಟು ಮಾತನ್ನು ತಿದ್ದುವುದು ಹುಡುಕುವವರಿಗೆಲ್ಲ ಬೇಕಾದ ಸಂಯಮ.

ಮೂರನೆಯದು ಸ್ಥಳದ ಪ್ರಶ್ನೆ. ಸ್ಥಳ ತಪ್ಪಿದರೆ ಆ ಆಟವೇ ಇಲ್ಲ. ನಮ್ಮಲ್ಲಿಯೂ ಹಾಗೆಯೆ. 1565ರ ಜನವರಿಯಲ್ಲಿ ವಿಜಯನಗರದ ಸೇನೆ ಸೋತ ಯುದ್ಧವನ್ನು ಪಠ್ಯಪುಸ್ತಕಗಳು ಬಹುಕಾಲ ತಾಳಿಕೋಟೆಯ ಯುದ್ಧವೆಂದು ಕರೆದವು. ತಾಳಿಕೋಟೆಯಿಂದ ರಣಭೂಮಿ ದೂರವೆಂದೂ ಕಾಳಗ ನಡೆದದ್ದು ಕೃಷ್ಣೆಯ ದಕ್ಷಿಣಕ್ಕೆಂದೂ ರಾಬರ್ಟ್ ಸೀವೆಲ್ 1900ರಲ್ಲಿಯೇ ಬರೆದ. ಮುದ್ದೇಬಿಹಾಳ ತಾಲೂಕಿನ ರಕ್ಕಸಗಿ, ತಂಗಡಗಿಗಳ ಹೆಸರಿನಿಂದ ರಕ್ಕಸತಂಗಡಿಯ ಯುದ್ಧವೆಂದು ಕರೆಯುವವರು ಈಗ ಹೆಚ್ಚು. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿಯೋ ತಾಯಿಯ ತವರಾದ ಇಂಗಳೇಶ್ವರದಲ್ಲಿಯೋ ಎಂದು ಕೂಡ ಜನ ವಾದಿಸುತ್ತಾರೆ. ಇಂಥ ವಾದಗಳನ್ನು ಊರಿನ ಅಭಿಮಾನವೆಂದು ನಕ್ಕು ಬಿಡುವುದು ಸುಲಭ. ಆದರೆ ತನ್ನ ಊರನ್ನು ಚರಿತ್ರೆಯಲ್ಲಿ ಕಾಣಬೇಕೆಂಬ ಆಸೆಯೇ ಎಷ್ಟೋ ಕಲ್ಲುಗಳನ್ನು ಕಾಪಾಡಿದೆ. ಅಭಿಮಾನ ಆಧಾರವಾಗಲಾರದು; ಆಧಾರವನ್ನು ಹುಡುಕಲು ಪ್ರೇರಣೆಯಂತೂ ಆದೀತು.

ಸ್ಥಳವನ್ನು ಖಚಿತವಾಗಿ ಬರೆದಿಡುವುದಕ್ಕೆ ಇನ್ನೊಂದು ಕಾರಣವಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು; ಊರು ಬೇರೆ ಕಡೆಗೆ ಹೋಯಿತು. ಹೆಸರು ಜನರೊಡನೆ ನಡೆದುಹೋಗುತ್ತದೆ, ನೆಲ ಅಲ್ಲಿಯೇ ನೀರಿನಡಿ ಉಳಿಯುತ್ತದೆ. ಕಲ್ಲೊಂದನ್ನು ಗುಡಿಯಿಂದ ಚಾವಡಿಗೆ, ಚಾವಡಿಯಿಂದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದಾಗ ಅದು ಮೊದಲು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತೆಂಬುದನ್ನು ಬರೆದಿಡದಿದ್ದರೆ, ಆ ಕಲ್ಲು ಹೇಳಬೇಕಾದ ಅರ್ಧ ಮಾತು ಅಲ್ಲಿಗೇ ನಿಂತುಹೋಗುತ್ತದೆ. ದಾನ ಕೊಟ್ಟ ಹೊಲದ ಮೇರೆಗಳನ್ನು ಹೇಳುವ ಕಲ್ಲು ಆ ಹೊಲದಿಂದ ದೂರವಾದರೆ ಮೇರೆ ತಿಳಿಯುವುದು ಹೇಗೆ?

ನಾಲ್ಕನೆಯದು ಒಯ್ಯುವ ಮತ್ತು ಹಿಂದಿರುಗಿಸುವ ಮರ್ಯಾದೆ. ಇಲ್ಲಿ ನೆನೆಯಬೇಕಾದವರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದ ಅವರು ಮಠಗಳಿಂದ, ಮನೆಗಳಿಂದ ವಚನಗಳ ಓಲೆಪ್ರತಿಗಳನ್ನು ಕಲೆಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ಆರಂಭವಾದವು. ವಕೀಲಿಯ ಗಳಿಕೆ ಓಲೆಗೆ, ಅಚ್ಚಿಗೆ ಹೋಯಿತು. ಒಂದು ಕ್ಷಣ ಆ ಓಲೆಗಳ ಒಡೆಯರ ಕಡೆಯಿಂದಲೂ ಯೋಚಿಸೋಣ. ಅವರ ಪಾಲಿಗೆ ಅದು ಪುಸ್ತಕವಲ್ಲ, ಪೂಜೆಯ ವಸ್ತು. ಅದನ್ನು ಕೋಟು ತೊಟ್ಟ ವಕೀಲರೊಬ್ಬರ ಕೈಗೆ ಕೊಡಬೇಕಾದರೆ ಎಷ್ಟು ನಂಬಿಕೆ ಬೇಕು! ವಚನ ಸಾಹಿತ್ಯ ಅಚ್ಚಾದದ್ದು ಸಂಪಾದಕರ ವಿದ್ವತ್ತಿನಿಂದ ಎಷ್ಟೋ, ಈ ನಂಬಿಕೆಯಿಂದಲೂ ಅಷ್ಟೆ.

ಆ ನಂಬಿಕೆ ಒಮ್ಮೆ ಮುರಿದರೆ ಏನಾಗುತ್ತದೆಂಬುದನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ನಮ್ಮ ಸೋದರಮಾವನ ಮನೆಯ ಜಗಲಿಯ ಮೇಲೆ ಎರಡು ಕಟ್ಟುಗಳಿದ್ದವು. ವಿದ್ವಾಂಸರೆಂದು ಹೇಳಿಕೊಂಡ ಒಬ್ಬರು ಬಂದು, ಉಂಡು, ತಿಂಗಳೊಳಗೆ ತಂದುಕೊಡುವೆನೆಂದು ಒಂದನ್ನು ಒಯ್ದರು. ಅವರೂ ಬರಲಿಲ್ಲ, ಕಟ್ಟೂ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಮತ್ತೊಬ್ಬರು, ನಿಜವಾಗಿಯೂ ಪ್ರಾಮಾಣಿಕರು, ಎರಡನೆಯದನ್ನು ನೋಡಲು ಬಂದರು. ಮಾವ ಕೈಮುಗಿದು, “ನಮ್ಮಲ್ಲಿ ಏನೂ ಇಲ್ರೀ” ಎಂದುಬಿಟ್ಟರು. ಆಮೇಲೆ ಮಳೆಗಾಲದಲ್ಲಿ ಮಾಳಿಗೆ ಸೋರಿ, ಹುಳು ಹತ್ತಿ, ಅದೂ ಪುಡಿಯಾಯಿತು. ಅದರಲ್ಲಿ ಏನಿತ್ತೆಂಬುದು ಯಾರಿಗೂ ತಿಳಿಯದು. ಮೊದಲನೆಯವರು ಒಯ್ದದ್ದು ಒಂದೇ ಕಟ್ಟು, ಕೆಡಿಸಿದ್ದು ಎರಡನ್ನೂ. ಒಬ್ಬ ಹುಡುಕುವವನ ಅಮರ್ಯಾದೆಗೆ ದಂಡ ತೆರುವವನು ಅವನ ಬೆನ್ನಿಗೆ ಬರುವ ಮರ್ಯಾದಸ್ಥ. ಈ ಹವ್ಯಾಸದ ನಡವಳಿಕೆಯ ನಿಯಮಗಳೆಲ್ಲವೂ ನಿಂತಿರುವುದು ಈ ಒಂದು ಮಾತಿನ ಮೇಲೆ.

ಕಾನೂನೂ ಇಲ್ಲಿ ಸುಮ್ಮನಿಲ್ಲ. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳಿತು. ಕರ್ನಾಟಕಕ್ಕೆ 1962ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ನೂರು ವರ್ಷ ಮೀರಿದ ಶಿಲ್ಪ, ಶಾಸನಗಳೂ ಎಪ್ಪತ್ತೈದು ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಆದರೂ ಅಮಾವಾಸ್ಯೆಯ ಕತ್ತಲಲ್ಲಿ ಹಾರೆ ಗುದ್ದಲಿ ಹಿಡಿದು ಲಿಂಗದ ಬುಡವನ್ನೂ ನಂದಿಯ ಪೀಠವನ್ನೂ ಕೀಳುವವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಅವರೂ ಹುಡುಕುವವರೇ. ಶಾಸನವನ್ನು ನಿಧಿಯ ಗುರುತೆಂದು ತಿಳಿದು ಒಡೆಯುವವನಿಗೂ ಅದನ್ನು ಓದುವವನಿಗೂ ಒಂದೇ ವ್ಯತ್ಯಾಸ: ಓದುವವನು ಹೋದ ಮೇಲೆ ಕಲ್ಲು ಇದ್ದ ಹಾಗೆಯೇ ಇರುತ್ತದೆ. ಒದ್ದೆ ಕಾಗದವನ್ನು ಹದವಾಗಿ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಇದು ಗೊತ್ತು. ಅಕ್ಷರಗಳು ಮನೆಗೆ ಬರುತ್ತವೆ. ಕಲ್ಲು ಊರಲ್ಲಿ ಉಳಿಯುತ್ತದೆ.

ಕೊನೆಯದು ಹೆಸರಿನ ಪ್ರಶ್ನೆ. ಆ ಬಕೀಟಿನಲ್ಲಿ ಪುಸ್ತಕವಿತ್ತು, ಬಂದವರು ಸಹಿ ಮಾಡುತ್ತಿದ್ದರು. ನಮ್ಮ ವಚನಕಾರರ ಸಹಿ ಅಂಕಿತ; ಅಲ್ಲಿ ಇರುವುದು ತಮ್ಮ ಹೆಸರಲ್ಲ, ತಮ್ಮ ದೇವರ ಹೆಸರು. ಲಾವಣಿಕಾರರು ಕಡೆಯ ನುಡಿಯಲ್ಲಿ ಊರನ್ನೂ ಹೆಸರನ್ನೂ ಹೇಳುತ್ತಾರೆ. ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟನು ಸಂಗ್ರಹಿಸಿ ಅಚ್ಚು ಮಾಡಿಸಿದಾಗಲೂ ಕುರ್ತಕೋಟಿಯ ಕಲ್ಮೇಶನ ಅಂಕಿತ ಅಳಿಯದೆ ನಿಂತದ್ದು ಇದರಿಂದಲೇ. ಆದರೆ ಬೀಸುವ ಹಾಡಿನ ತ್ರಿಪದಿಗೆ ಅಂಕಿತವಿಲ್ಲ. ಈಗ ಚಡಚಣ ತಾಲೂಕಿಗೆ ಸೇರಿರುವ, ಹಿಂದೆ ಇಂಡಿ ತಾಲೂಕಿನದಾಗಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ ಇಂಥ ಹಾಡುಗಳನ್ನು ಹುಡುಕಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಆ ಸಂಗ್ರಹವಿಲ್ಲದಿದ್ದರೆ ಬೀಸುವ ಕಲ್ಲು ನಿಂತ ದಿನ ಹಾಡೂ ನಿಲ್ಲುತ್ತಿತ್ತು. ಹಾಡಿದ ತಾಯಂದಿರ ಹೆಸರುಗಳು ನಮಗೆ ತಿಳಿಯವು. ಹಾಡು ಎಲ್ಲರದೆಂಬ ಭಾವನೆಯ ಕಾಲ ಅದು. ಗರತಿಯ ಹೆಸರನ್ನು ಅಚ್ಚಿನಲ್ಲಿ ತರುವುದು ಸಂಕೋಚದ ಮಾತೂ ಆಗಿದ್ದಿರಬೇಕು. ಇಂದಿನ ಸಂಗ್ರಾಹಕರಿಗೆ ಆ ನೆಪವಿಲ್ಲ. ಹಾಡಿದವಳ ಹೆಸರು, ಊರು, ವಯಸ್ಸು ಬರೆಯುವುದು, ಆಕೆ ಬೇಡವೆಂದರೆ ಬಿಡುವುದು, ಈ ಎರಡೂ ಮರ್ಯಾದೆಯೇ.

ಇನ್ನು ಸ್ವಭಾವಗಳ ಮಾತು. ಹುಡುಕುವವರ ಕೂಟ ಎಲ್ಲಿದ್ದರೂ ಅಲ್ಲಿ ನಾಲ್ಕು ಬಗೆಯವರು ಇರುತ್ತಾರೆ. ಸಿಕ್ಕಿದ್ದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟು ಕಾಯುವವನು ಒಬ್ಬ. ಸಿಗುವ ಮೊದಲೇ ಸಾರುವವನು ಇನ್ನೊಬ್ಬ. ತಾನು ಹೊರಗೆ ಕಾಲಿಡದೆ, ಇತರರು ತಂದುದರಲ್ಲಿ ತಪ್ಪು ಮಾತ್ರ ಎಣಿಸುವವನು ಮೂರನೆಯವನು. ನಾಲ್ಕನೆಯವನು ದಾರಿ ಕೇಳಿದವರಿಗೆ ದಾರಿ ತೋರಿಸಿ, ತನ್ನ ತಪ್ಪನ್ನು ತಾನೇ ಮುಂದಿನ ಲೇಖನದಲ್ಲಿ ತಿದ್ದಿಕೊಳ್ಳುವವನು. ಕೂಟಗಳು ಉಳಿಯುವುದು ಈ ನಾಲ್ಕನೆಯವನಿಂದ. ಹಾಗೆಂದು ಉಳಿದ ಮೂವರನ್ನು ಹೊರಗಟ್ಟಲಾಗದು. ಪೆಟ್ಟಿಗೆಯವನು ಎಷ್ಟೋ ವೇಳೆ ಓಲೆಯನ್ನು ಕಾಪಾಡಿರುತ್ತಾನೆ. ಸಾರುವವನು ಹತ್ತು ಜನರಲ್ಲಿ ಹುರುಪು ಹುಟ್ಟಿಸಿರುತ್ತಾನೆ. ತಪ್ಪೆಣಿಸುವವನಿಗೆ ಹೆದರಿ ನಾವು ಎರಡು ಸಲ ಓದಿರುತ್ತೇವೆ. ಒಮ್ಮೊಮ್ಮೆ ಈ ನಾಲ್ವರೂ ಒಬ್ಬನ ಎದೆಯಲ್ಲಿಯೇ ಇರುವುದುಂಟು.

ಭಿನ್ನಾಭಿಪ್ರಾಯಕ್ಕೂ ಒಂದು ಮೇರೆಯಿದೆ. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿಗಳ ಹುಡುಕಾಟದಲ್ಲಿಯೇ ಬದುಕು ಸವೆಸಿದವರು. 1993ರಲ್ಲಿ ಹದಿನೈದು ಸಂಪುಟಗಳಾಗಿ ಹೊರಬಂದ ಸಮಗ್ರ ವಚನ ಸಾಹಿತ್ಯದ ಪ್ರಧಾನ ಸಂಪಾದಕರು ಅವರೇ. ಅವರ ಮಾತನ್ನು ಒಪ್ಪಿದವರೂ ಇದ್ದರು, ಕಟುವಾಗಿ ವಿರೋಧಿಸಿದವರೂ ಇದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಓದು ತಪ್ಪೆನಿಸಿದರೆ ಇನ್ನೊಂದು ಓದಿನಿಂದ ಉತ್ತರ ಕೊಡಬೇಕು. ಕಲ್ಲಿಗೆ ಕಲ್ಲು, ಓಲೆಗೆ ಓಲೆ ಸಾಕ್ಷಿ ನುಡಿಯಬೇಕು. ಮಾತಿನ ಮರ್ಯಾದೆ ಮೊದಲು ಸಣ್ಣ ಸಣ್ಣ ಕಡೆ ಕೆಡುತ್ತದೆ: ಹೆಸರು ಬಿಡುವುದರಲ್ಲಿ, ಹೀಯಾಳಿಸುವುದರಲ್ಲಿ, ಕೇಳದೆ ತೀರ್ಪು ಕೊಡುವುದರಲ್ಲಿ. ಅಲ್ಲಿಯೇ ಅದನ್ನು ಕಾಯಬೇಕು.

ಹೀಗೆ ನೋಡಿದರೆ ಹುಡುಕುವವರ ಮರ್ಯಾದೆ ಬಹು ದೊಡ್ಡ ಶಾಸ್ತ್ರವೇನಲ್ಲ. ಅಪ್ಪಣೆ ಕೇಳಿ ಒಳಗೆ ಹೋಗಬೇಕು. ತೋರಿಸಿದವರ ಹೆಸರು ಹೇಳಬೇಕು. ಒಯ್ದುದನ್ನು ಹೇಳಿದ ದಿನಕ್ಕೆ ತಂದುಕೊಡಬೇಕು. ಸಿಗದಿದ್ದರೆ ಸಿಗಲಿಲ್ಲವೆನ್ನಬೇಕು, ಇಲ್ಲವೆನ್ನಬಾರದು. ಬೆನ್ನ ಹಿಂದೆ ಬರುವವನಿಗೆ ಬಾಗಿಲು ತೆರೆದಿರುವಂತೆ ನಡೆದುಕೊಳ್ಳಬೇಕು.

ನಮ್ಮ ಮಾವನ ಮನೆಯ ಜಗಲಿ ಈಗಲೂ ಇದೆ. ಕಟ್ಟುಗಳಿದ್ದ ಜಾಗ ಬರಿದಾಗಿದೆ. ಹಬ್ಬದ ದಿನ ಅತ್ತೆ ಆ ಬರಿಯ ಜಾಗಕ್ಕೂ ವಿಭೂತಿ ಹಚ್ಚುತ್ತಾರೆ. ಅಲ್ಲಿ ಏನಿತ್ತು ಎಂದು ಮೊಮ್ಮಕ್ಕಳು ಕೇಳಿದರೆ, “ಪುಸ್ತಕ ಇದ್ವು, ಒಬ್ರು ಒಯ್ದಾರ, ತಂದು ಕೊಡ್ತಾರ” ಎನ್ನುತ್ತಾರೆ.